ಹಸಿರು ಫಲಕದ ಪುಣ್ಯ

ಪಾಪ ಮಾಡಿದವನು ಗಂಗೆಯಲ್ಲಿ ಮಿಂದರೆ ಪಾಪ ತೊಳೆದುಹೋಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಈಗಿನ ಪಟ್ಟಣಿಗರು ಗಂಗೆಯವರೆಗೆ ಹೋಗುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಪೆಟ್ರೋಲ್ ಕಾರನ್ನು ಮಾರಿ, ವಿದ್ಯುತ್ ಕಾರನ್ನು ಕೊಂಡು, ಅದರ ಮುಂದೊಂದು ಹಿಂದೊಂದು ಹಸಿರು ಸಂಖ್ಯಾಫಲಕ ತಗುಲಿಸಿಕೊಂಡರೆ ಸಾಕು. ಗಾಳಿಗೆ ಮಾಡಿದ ದ್ರೋಹ, ಮೊಮ್ಮಕ್ಕಳಿಗೆ ಮಾಡಿದ ದ್ರೋಹ ಎಲ್ಲವೂ ಒಂದೇ ಸಲಕ್ಕೆ ಪರಿಹಾರವಾಯಿತೆಂದು ತಿಳಿಯುತ್ತಾರೆ. ಅಷ್ಟಾದ ಮೇಲೆ ಆ ಕಾರಿನಲ್ಲಿ ಒಬ್ಬರೇ ಕುಳಿತು, ಮುಂದೆ ಹೊಗೆ ಬಿಡುತ್ತ ನಿಂತಿರುವ ಬಸ್ಸನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಾರೆ. ಈ ಮೂಗಿನ ವಿಚಾರವಾಗಿಯೇ ನನ್ನ ತಕರಾರು.

ನಾನು ದೇವಸಮುದ್ರದವನು. ಅದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಒಂದು ಹೋಬಳಿ. ಅದರಾಚೆ ಆಂಧ್ರದ ಗಡಿ. ಹೆಸರಿನಲ್ಲಿ ಸಮುದ್ರವಿದೆಯೆಂದು ಯಾರೂ ಮೋಸಹೋಗಬೇಕಾಗಿಲ್ಲ. ಕೆರೆಯನ್ನು ಸಮುದ್ರವೆಂದು ಕರೆಯುವ ಔದಾರ್ಯ ನಮ್ಮ ಪೂರ್ವಿಕರಿಗಿತ್ತು, ಆ ಔದಾರ್ಯ ಮಳೆರಾಯನಿಗೆ ಇರಲಿಲ್ಲ, ಅಷ್ಟೆ. ಶೇಂಗಾ ಬಿತ್ತಿ ಮುಗಿಲು ನೋಡುವ ಇಂಥ ಊರಿನವನಿಗೆ ಬೆಂಗಳೂರಿನ ಸಾರಿಗೆಯ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರ ಹೇಳುತ್ತೇನೆ.

ಮೊದಲನೆಯದಾಗಿ, ನಿಮ್ಮ ಕಾರಿಗೆ ತುಂಬುವ ವಿದ್ಯುತ್ತು ಗೋಡೆಯ ತೂತಿನಲ್ಲಿ ಹುಟ್ಟುವುದಿಲ್ಲ. ದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೀವು ಹುಬ್ಬಳ್ಳಿಯ ದಾರಿಯಲ್ಲಿ ಕಂಡಿದ್ದೀರಿ. ನಮ್ಮಲ್ಲಿಂದ ದಕ್ಷಿಣಕ್ಕೆ ಹೋದರೆ ಪಾವಗಡ. ಅಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ, 2018ರಲ್ಲಿ ಉದ್ಘಾಟನೆಯಾಯಿತು. ಬೆಳೆ ಬೆಳೆಯಲಾರದ ಬಿಸಿಲು ಕೊನೆಗೂ ಯಾರದೋ ಉಪಯೋಗಕ್ಕೆ ಬಂತಲ್ಲ ಎಂದು ನಾವು ಸಂತೋಷಪಟ್ಟೆವು. ಈಗಲೂ ಸಂತೋಷವೇ. ಆದರೆ ಒಂದು ಕ್ವಿಂಟಲ್ ಶೇಂಗಾ ಕೊಟ್ಟ ರೈತ ಅದರಲ್ಲಿ ಎಷ್ಟು ಎಣ್ಣೆ ಇಳಿಯಿತೆಂದು ಚಳ್ಳಕೆರೆಯ ಗಾಣದವನನ್ನು ಕೇಳುವಂತೆ, ನಮ್ಮ ಗಾಳಿ ಬಿಸಿಲುಗಳಿಂದ ನೀವು ಎಷ್ಟು ಜನರನ್ನು ಎಷ್ಟು ದೂರ ಸಾಗಿಸಿದಿರಿ ಎಂದು ಕೇಳುವುದು ಅಧಿಕಪ್ರಸಂಗವಾಗಲಾರದು.

ಎರಡನೆಯದಾಗಿ, ನಿಮ್ಮ ಬಸ್ಸು ಓಡಿಸುವವರಲ್ಲಿ ನಮ್ಮ ಸೀಮೆಯ ಹುಡುಗರಿದ್ದಾರೆ. ಮಳೆ ಕೈಕೊಟ್ಟಾಗ ನಮ್ಮವರು ಬೆಂಗಳೂರಿಗೆ ಹೋಗುತ್ತಾರೆ. ಗಾರೆ ಕೆಲಸಕ್ಕೆ ಕೆಲವರು, ಸ್ಟಿಯರಿಂಗ್ ಹಿಡಿಯಲು ಕೆಲವರು. ಹಬ್ಬಕ್ಕೆ ಬಂದಾಗ ಅವರು ಹೇಳುವ ಮಾತುಗಳನ್ನು ಕಟ್ಟೆಯ ಮೇಲೆ ಕುಳಿತು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಸಾರಿಗೆಯ ತಜ್ಞರು ಅಷ್ಟನ್ನು ಕೇಳಿದ್ದಾರೆಯೆ ಎಂಬುದು ನನಗೆ ಸಂದೇಹ.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ನಗರದ ಡೀಸೆಲ್ ಬಸ್ಸು ಲೀಟರಿಗೆ 4 ಕಿಲೋಮೀಟರ್ ಓಡುತ್ತದೆಂದು ಹಿಡಿಯಿರಿ. ಕಿಲೋಮೀಟರಿಗೆ ಎರಡೂವರೆ ಯೂನಿಟ್ ಆಯಿತು. ಅದರಲ್ಲಿ 25 ಜನರಿದ್ದರೆ ತಲೆಗೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು. ಸಂಜೆಯ ಬಸ್ಸಿನಲ್ಲಿ 25 ಅಲ್ಲ, 60 ಜನ ನೇತಾಡುತ್ತಾರೆ. ಆ ಮಾತು ಬಿಡಿ. ಇನ್ನು ವಿದ್ಯುತ್ ಕಾರು. ಅದು ಕಿಲೋಮೀಟರಿಗೆ 0.15 ಯೂನಿಟ್ಟಿನ ಆಸುಪಾಸಿನಲ್ಲಿ ಓಡುತ್ತದೆ. ಒಳಗೆ ಇರುವವರು ಎಷ್ಟು ಮಂದಿ? ಒಬ್ಬರು. ಎಂದರೆ ಮುಪ್ಪಿನ ಡೀಸೆಲ್ ಬಸ್ಸಿನಲ್ಲಿ ನಿಂತಿರುವ ಕೂಲಿಯವನಿಗಿಂತ ಹಸಿರು ಫಲಕದ ಯಜಮಾನರು ಒಂದೂವರೆ ಪಟ್ಟು ಶಕ್ತಿಯನ್ನು ಖರ್ಚುಮಾಡುತ್ತಿದ್ದಾರೆ. ಮೂಗು ಮುಚ್ಚಿಕೊಂಡಿರುವವರೂ ಅವರೇ!

ಇದು ಕಾರಿನವರಿಗೆ ರಿಯಾಯಿತಿ ಕೊಟ್ಟು ಮಾಡಿದ ಲೆಕ್ಕ. ಕಚೇರಿ ಮುಗಿಸಿ ಬಂದವರು ಕಾರಿಗೆ ವಿದ್ಯುತ್ತು ತುಂಬುವ ಹೊತ್ತಿಗೆ ಪಾವಗಡದಲ್ಲಿ ಸೂರ್ಯ ಮುಳುಗಿರುತ್ತಾನೆ. ಆಗ ರಾಯಚೂರಿನ ಶಕ್ತಿನಗರದಲ್ಲಿಯೂ ಬಳ್ಳಾರಿಯ ಕುಡತಿನಿಯಲ್ಲಿಯೂ ಕಲ್ಲಿದ್ದಲು ಉರಿಯುತ್ತಿರುತ್ತದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆನ್ನಿಗೆ ಸುಮಾರು 700 ಗ್ರಾಂ ಇಂಗಾಲಾಮ್ಲವಿದೆ. ಆ ದರದಲ್ಲಿ ಒಂಟಿ ಯಜಮಾನರ ವಿದ್ಯುತ್ ಕಾರು ಕಿಲೋಮೀಟರಿಗೆ 100 ಗ್ರಾಂ ಮೀರಿಸುತ್ತದೆ. ಡೀಸೆಲ್ ಒಂದು ಲೀಟರ್ ಸುಟ್ಟರೆ 2.7 ಕಿಲೋಗ್ರಾಂ ಇಂಗಾಲಾಮ್ಲ ಬರುತ್ತದೆ; 25 ಜನರ ಬಸ್ಸಿನಲ್ಲಿ ತಲೆಗೆ ಕಿಲೋಮೀಟರಿಗೆ 27 ಗ್ರಾಂ. ಪಕ್ಕದಲ್ಲಿ ಶ್ರೀಮತಿಯವರನ್ನು ಕೂರಿಸಿಕೊಂಡರೂ ಕಾರೇ ಮುಂದು.

ವಿದ್ಯುತ್ ವಾಹನವೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಡೀಸೆಲ್ ಹೊಗೆ ಎದೆಗೂಡಿಗೆ ವಿಷ. ಅದನ್ನು ಕುಡಿಯುವವರು ನಿಲ್ದಾಣದಲ್ಲಿ ಕಾಯುವವರು ಮತ್ತು ಬೀದಿಬದಿಯಲ್ಲಿ ಮಾರುವವರು. ವಿದ್ಯುತ್ ಬಸ್ಸು ಹೊಗೆಯುಗುಳುವುದಿಲ್ಲ, ಕಿಲೋಮೀಟರಿಗೆ ಒಂದು ಒಂದೂಕಾಲು ಯೂನಿಟ್ಟಿನಲ್ಲಿ ಓಡುತ್ತದೆ. ಅದೇ 25 ಜನರಿಗೆ ಹಂಚಿದರೆ ತಲೆಗೆ ಕಾರಿನ ಮೂರನೆಯ ಒಂದು ಪಾಲನ್ನು ಮೀರದು. ವಿದ್ಯುತ್ತು ಬರಲಿ, ಆದರೆ ಮೊದಲು ಬಸ್ಸಿಗೆ ಬರಲಿ. ಯಂತ್ರವೊಂದನ್ನು ಬದಲಾಯಿಸಿದ ಮಾತ್ರಕ್ಕೆ ನಗರ ಉದ್ಧಾರವಾಗುವಂತಿದ್ದರೆ ಬೆಂಗಳೂರು ಎಂದೋ ಉದ್ಧಾರವಾಗಬೇಕಾಗಿತ್ತು. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಆ ಊರಿನಿಂದಲೇ 2001ರಲ್ಲಿ ಮಾರುಕಟ್ಟೆಗೆ ಬಂತು. ಆ ಮೇಲೆ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು.

ಬಸ್ಸಿನ ಇಂಧನದ ಮಾತು ಬಂದಾಗಲೆಲ್ಲ ಎಲ್ಲರೂ ಬೆರಳು ತೋರಿಸುವುದು ಚಾಲಕನ ಕಡೆಗೆ. ಸಾರಿಗೆ ನಿಗಮಗಳಲ್ಲಿ ಕೆ.ಎಂ.ಪಿ.ಎಲ್. ಎಂಬ ಅಂಕಿಯೊಂದಿದೆ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು ಅದರ ಅರ್ಥ. ಚಾಲಕನಿಗೆ ಅದೇ ಜಾತಕ. ಅಂಕಿ ಚೆನ್ನಾಗಿದ್ದವನು ಸದ್ಗುಣಿ, ಇಳಿದವನು ದುಂದುಗಾರ. ಅವನಿಗೆ ಬುದ್ಧಿವಾದ, ತರಬೇತಿ, ಮೇಲಧಿಕಾರಿಗಳ ಕೆಂಗಣ್ಣು. ಚಾಲಕನ ಕಾಲಿನಲ್ಲಿ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಮುಂದಿನ ದಾರಿ ನೋಡಿ ಮೊದಲೇ ಆಕ್ಸಲರೇಟರಿನಿಂದ ಕಾಲೆತ್ತುವವನಿಗೂ, ಕೊನೆಯ ಗಳಿಗೆಯಲ್ಲಿ ಬ್ರೇಕ್ ತುಳಿಯುವವನಿಗೂ ನೂರಕ್ಕೆ ಐದರಿಂದ ಹತ್ತರಷ್ಟು ಇಂಧನದ ವ್ಯತ್ಯಾಸ ಬರುವುದುಂಟು. ಅದು ಒಂದು ಕಲೆ. ಎತ್ತಿನ ಬಾಲ ಮುರಿಯದೆ ಗಾಡಿ ಹೊಡೆಯುವವನ ಕಲೆಯಂಥದು.

ಆದರೆ ಆ ಕಲೆಯನ್ನು ತೋರಿಸಲು ಜಾಗ ಬೇಡವೆ? ಜನ ತುಂಬಿದ ಬಸ್ಸಿನ ತೂಕ 15 ಟನ್ ಎನ್ನೋಣ. ಅದು ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಬಂದು ಒಮ್ಮೆ ಪೂರಾ ನಿಂತರೆ, ಆ ವೇಗವೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಎಂಜಿನ್ನು ಡೀಸೆಲಿನಲ್ಲಿರುವ ಶಕ್ತಿಯ ಮೂರರಲ್ಲೊಂದು ಪಾಲನ್ನೂ ಚಕ್ರಕ್ಕೆ ಮುಟ್ಟಿಸದೆ ಇರುವುದರಿಂದ, ಮತ್ತೆ ಅದೇ ವೇಗಕ್ಕೆ ಬರಲು 80, 90 ಮಿಲಿಲೀಟರ್ ಡೀಸೆಲ್ ಬೇಕು. ಹೋಟೆಲಿನಲ್ಲಿ ಬೈಟು ಕಾಫಿ ಎಂದು ಕೊಡುತ್ತಾರಲ್ಲ, ಅಷ್ಟು. ಕಿಲೋಮೀಟರಿಗೆ ಎರಡು ಸಲ ಹೀಗೆ ನಿಂತು ಹೊರಟರೆ, ಆ ಒಂದು ಕಿಲೋಮೀಟರಿಗೆ ಬೇಕಾದ ಕಾಲು ಲೀಟರಿನಲ್ಲಿ ಮೂರರಲ್ಲೆರಡು ಪಾಲು ಬರಿಯ ನಿಂತು ಹೊರಡುವುದಕ್ಕೇ ಆಯಿತು.

ಅವನನ್ನು ನಿಲ್ಲಿಸುವವರು ಯಾರು? ಬಸ್ ನಿಲ್ದಾಣದ ಎದುರಿಗೇ ‘ಎರಡೇ ನಿಮಿಷ’ ಎಂದು ಕಾರು ನಿಲ್ಲಿಸಿ ಅಂಗಡಿಗೆ ಹೋದವರು ನಿಲ್ಲಿಸುತ್ತಾರೆ. ಎಡದಿಂದ ನುಗ್ಗಿ ಬಲಕ್ಕೆ ತಿರುಗುವ ಸ್ಕೂಟರಿನವರು ನಿಲ್ಲಿಸುತ್ತಾರೆ. ರಸ್ತೆಯನ್ನು ಬೆಳಗ್ಗೆ ಡಾಂಬರು ಹಾಕಿ ಸಂಜೆ ಅಗೆಯುವವರು ನಿಲ್ಲಿಸುತ್ತಾರೆ. ಸಾಯಂಕಾಲದ ಜಂಗುಳಿಯಲ್ಲಿ ಮುಗಿಸಲಾಗದ ವೇಳೆಯನ್ನು ಪಟ್ಟಿಯಲ್ಲಿ ಬರೆದವರು, ನಿಂತು ಕಳೆದ ಹೊತ್ತನ್ನು ಖಾಲಿ ರಸ್ತೆ ಸಿಕ್ಕ ಕಡೆ ಓಡಿಸಿ ತುಂಬಿಕೋ ಎಂದು ಬಾಯಿಬಿಟ್ಟು ಹೇಳದೆಯೇ ಹೇಳುತ್ತಾರೆ. ನಮ್ಮ ಮೊಳಕಾಲ್ಮೂರು ರಸ್ತೆಯಲ್ಲಿ ಅದೇ ಚಾಲಕನನ್ನು ತಂದು ಕೂರಿಸಿ, ಅವನ ಕೆ.ಎಂ.ಪಿ.ಎಲ್. ತಾನಾಗಿ ಏರುತ್ತದೆ. ಹಳ್ಳಿಯ ಗಾಳಿ ಕುಡಿದು ಅವನು ಸನ್ಮಾರ್ಗಕ್ಕೆ ಬಂದನೆಂದಲ್ಲ. ಅವನ ಮುಂದೆ ಕುರಿ ಮಂದೆಯನ್ನು ಬಿಟ್ಟರೆ ಅಡ್ಡ ಬರುವವರಿಲ್ಲ. ಅದೇ ದಾರಿಯಲ್ಲಿ ಕಲೆಕ್ಷನ್ನಿನ ಮೇಲೆ ಬತ್ತೆ ಎಣಿಸಿಕೊಳ್ಳುವ ಖಾಸಗಿ ಬಸ್ಸಿನವನು ಮುಂದಿನ ಊರಿನ ಪ್ರಯಾಣಿಕರಿಗಾಗಿ ಪೈಪೋಟಿಗೆ ಬಿದ್ದು ಓಡಿಸುವುದನ್ನೂ ಕಂಡಿದ್ದೇನೆ. ರಸ್ತೆ ಒಂದೇ, ಸಂಬಳದ ರೀತಿ ಬೇರೆ, ಕಾಲಿನ ರೀತಿಯೂ ಬೇರೆ. ಆದ್ದರಿಂದ ಚಾಲಕನ ನಡತೆ ಎಂದು ನೀವು ಕರೆಯುವುದರಲ್ಲಿ ಹೆಚ್ಚಿನ ಪಾಲು ಅವನ ನಡತೆಯೇ ಅಲ್ಲ. ಅವನಿಗೆ ದಾರಿಯನ್ನೂ ವೇಳೆಯನ್ನೂ ಕೂಲಿಯನ್ನೂ ಗೊತ್ತುಮಾಡಿದವರ ನಡತೆ.

ವಿದ್ಯುತ್ ಬಸ್ಸು ಈ ರೋಗಕ್ಕೆ ಅರ್ಧ ಮದ್ದು. ಬ್ರೇಕ್ ಹಿಡಿದಾಗ ಅದರ ಮೋಟಾರು ಹಿಮ್ಮುಖವಾಗಿ ದುಡಿದು ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಎಷ್ಟು ಮರಳುತ್ತದೆ ಎಂಬುದು ಮತ್ತೆ ಕಾಲಿನ ಮೇಲೆಯೇ ನಿಂತಿದೆ: ಮೆಲ್ಲಗೆ ದೂರದಿಂದ ಒತ್ತಿದವನಿಗೆ ಹೆಚ್ಚು, ತಟ್ಟನೆ ತುಳಿದವನಿಗೆ ಕಡಿಮೆ. ಅಲ್ಲದೆ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ತಿ ಬಲದಿಂದ ಎಳೆಯುತ್ತದೆ. ಹತ್ತು ವರ್ಷ ಡೀಸೆಲ್ ಬಸ್ಸಿಗೆ ಪಳಗಿದ ಕಾಲು ಅದೇ ಒತ್ತಡವನ್ನು ಇಲ್ಲಿ ಹಾಕಿದರೆ ನಿಂತಿರುವ ಮುದುಕಿ ಮುಗ್ಗರಿಸುತ್ತಾಳೆ, ಮುಂದಿನ ಸ್ಕೂಟರಿನವನು ಬೆಚ್ಚುತ್ತಾನೆ. ಹೊಸ ಯಂತ್ರಕ್ಕೆ ಹಳೆಯದಕ್ಕಿಂತ ಹೆಚ್ಚು ನುರಿತ, ನೆಮ್ಮದಿಯುಳ್ಳ ಚಾಲಕ ಬೇಕು.

ನಾವು ಮಾಡಿದ್ದೇನು? ಬೆಂಗಳೂರಿನಲ್ಲಿ 2021ರ ಡಿಸೆಂಬರಿನಿಂದ ವಿದ್ಯುತ್ ಬಸ್ಸುಗಳು ಗುತ್ತಿಗೆಯ ಪದ್ಧತಿಯಲ್ಲಿ ಬಂದವು. ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ನಿರ್ವಾಹಕ ನಿಗಮದವನು. ಕಿಲೋಮೀಟರಿಗೆ ಇಷ್ಟೆಂದು ನಿಗಮ ಹಣ ಎಣಿಸುತ್ತದೆ. ಒಂದೇ ಬಸ್ಸಿನಲ್ಲಿ ಇಬ್ಬರು ದುಡಿಯುತ್ತಾರೆ, ಒಬ್ಬನಿಗೆ ನಿಗಮದ ನೌಕರಿ, ಇನ್ನೊಬ್ಬನಿಗೆ ಗುತ್ತಿಗೆದಾರನ ಕೃಪೆ. ನಮ್ಮ ಕಡೆಯ ಹುಡುಗನೊಬ್ಬ ಇಂಥ ಕೆಲಸಕ್ಕೆ ಸೇರಿ ವರ್ಷದೊಳಗೇ ಬಿಟ್ಟು ಬಂದ. ಕಾರಣ ಕೇಳಿದರೆ, ‘ಬಸ್ಸು ಬಂಗಾರದಂಥದು ಮಾವ, ಬದುಕೇ ಬಂಗಾರ ಇರಲಿಲ್ಲ’ ಎಂದ. ಹೀಗೆ ಬಂದು ಹೋಗುವವರಿಗೆ ಕಾಲಿನ ಕಲೆ ಕೈವಶವಾಗುವುದು ಯಾವಾಗ? 2025ರಲ್ಲಿ ವಿದ್ಯುತ್ ಬಸ್ಸುಗಳ ಅಪಘಾತದ ಸುದ್ದಿ ಮೇಲಿಂದ ಮೇಲೆ ಪತ್ರಿಕೆಗಳಲ್ಲಿ ಬಂದಾಗ ಎಲ್ಲರೂ ಚಾಲಕರನ್ನು ಬೈದರು. ಕೋಟಿ ಬೆಲೆಯ ಯಂತ್ರ ತಂದು ಅದನ್ನು ನಡೆಸುವವನ ಕೂಲಿಯಲ್ಲಿ ಉಳಿತಾಯ ಮಾಡುವ ಜಾಣತನವನ್ನು ಬೈದವರು ಕಡಿಮೆ.

ಬಸ್ಸಿಗೆ ದಾರಿ ಕೊಡುವ ಪ್ರಯತ್ನ ಒಮ್ಮೆಯೂ ಆಗಲಿಲ್ಲವೆಂದಲ್ಲ. 2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಬಸ್ಸಿಗೆಂದೇ ಒಂದು ಸಾಲನ್ನು ಬಿಟ್ಟುಕೊಟ್ಟರು, ಗೂಟ ನೆಟ್ಟರು. ಬಸ್ಸು ಓಡಿತು. ಚಾಲಕನಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ. ಬಳಿಕ ಮಹಾಮಾರಿ ಬಂತು, ಮೆಟ್ರೋ ಕಾಮಗಾರಿ ಬಂತು, ಸಾಲು ಅಳಿಸಿಹೋಯಿತು. ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಲ್ಲಿ ಚಿಗರಿ ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡತೊಡಗಿದವು. ಆ ದಾರಿಯ ಬಗ್ಗೆ ಅಲ್ಲಿನವರಿಗೆ ಹತ್ತು ದೂರುಗಳಿವೆ, ಕೆಲವು ನಿಜವೂ ಹೌದು. ಆದರೆ ಎರಡು ಊರುಗಳ ನಡುವೆ ಬಸ್ಸು ಕಾರನ್ನು ಹಿಂದಿಕ್ಕಿ ಹೋಗಬಹುದೆಂಬುದನ್ನು ಕನ್ನಡ ನಾಡು ಕಣ್ಣಾರೆ ಕಂಡಿದ್ದು ಅಲ್ಲಿಯೇ.

ಬೆಂಗಳೂರಿನ ದಾರಿ ಬೇರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ 17 ಕಿಲೋಮೀಟರಿಗೆ ಸ್ವಲ್ಪ ಕಡಿಮೆಯ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆದರು. ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಒಂದು ವಿದ್ಯುತ್ ಬಸ್ಸಿಗೆ ಒಂದೂವರೆ ಕೋಟಿ ಎಂದೇ ಹಿಡಿಯಿರಿ. ಆ ಹಣಕ್ಕೆ 11 ಸಾವಿರ ಬಸ್ಸು ಬರುತ್ತವೆ. ಇದ್ದಬದ್ದ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣ ನಡೆಯುವ ನಗರ ಅದು! ಸಿಗ್ನಲುಗಳಿರುವ ರಸ್ತೆಯ ಒಂದು ಸಾಲಿನಲ್ಲಿ ಗಂಟೆಗೆ 1,000 ಕಾರು ಸಾಗಿದರೆ ಅದೇ ಹೆಚ್ಚು, ಜನ 1,500. ಅದೇ ಸಾಲಿನಲ್ಲಿ 36 ಸೆಕೆಂಡಿಗೊಂದರಂತೆ 100 ಬಸ್ಸು ಬಿಟ್ಟರೆ 4,000 ಜನ. ಒಂದು ಡಬ್ಬಿ ಬಣ್ಣ, ಒಂದು ಸಾಲು ಗೂಟ, ಒಬ್ಬ ಪೊಲೀಸಿನವನಿಂದ ಆಗುವುದಕ್ಕೆ ನೆಲವನ್ನೇಕೆ ಕೊರೆಯಬೇಕು?

ತೆರಿಗೆಯ ವಿಚಾರ ಇನ್ನೂ ಸೊಗಸು. ವಿದ್ಯುತ್ ವಾಹನಕ್ಕೆಂದು ಒಂದು ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ಮಾಡಿದ ರಾಜ್ಯ ನಮ್ಮದು. ವಿದ್ಯುತ್ ಕಾರು ಎಷ್ಟೇ ಬೆಲೆಬಾಳಲಿ, 2024ರವರೆಗೆ ವಾಹನ ತೆರಿಗೆಯಿಂದ ಮುಕ್ತಿ. ಆ ವರ್ಷ 25 ಲಕ್ಷ ಮೀರಿದವುಗಳಿಗೆ ಮಾತ್ರ ನೂರಕ್ಕೆ 10 ಹಾಕಿದರು. ಅದೇ 2024ರ ಜೂನಿನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 14.3ರಿಂದ 18.4ಕ್ಕೆ ಏರಿತು, 2025ರ ಜನವರಿಯಲ್ಲಿ ಬಸ್ಸಿನ ದರ ನೂರಕ್ಕೆ 15 ಏರಿತು. ಇಪ್ಪತ್ತು ಲಕ್ಷದ ಕಾರು ಕೊಂಡವರು ಪರಿಸರಪ್ರೇಮಿಗಳೆಂದು ಸರ್ಕಾರದಿಂದ ತಾಂಬೂಲ ಪಡೆದರು. ಬಸ್ಸಿನಲ್ಲಿ ಜೋತುಬಿದ್ದು ಅವರಿಗಿಂತ ಕಡಿಮೆ ಶಕ್ತಿ ಸುಟ್ಟ ಗಾರೆ ಕೆಲಸದವನು ಹೆಚ್ಚಿನ ದರ ತೆತ್ತ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆ ಹೆಂಗಸರನ್ನು ಈ ಹೊರೆಯಿಂದ ಬಿಡಿಸಿತು, ಒಳ್ಳೆಯದೇ ಆಯಿತು. ನಮ್ಮ ಹೋಬಳಿಯ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದು ಬೆಳಗಿನ ಬಸ್ಸು ಬಂದ ದಿನ ಮಾತ್ರ. ಟಿಕೆಟ್ಟಿಗೆ ದುಡ್ಡು ಬೇಡವೆಂದರೆ ಸಾಲದು, ಹತ್ತಲು ಬಸ್ಸೂ ಇರಬೇಕು.

ಬಸ್ಸಿನಲ್ಲಿ ನೂಕುನುಗ್ಗಲು, ಹೊತ್ತಿಗೆ ಬರುವುದಿಲ್ಲ, ಮನೆಯಿಂದ ನಿಲ್ದಾಣಕ್ಕೆ ನಡೆಯಲು ಪಾದಚಾರಿ ದಾರಿಯೇ ಇಲ್ಲ ಎಂದು ಕಾರಿನವರು ಹೇಳುತ್ತಾರೆ. ಎಲ್ಲವೂ ನಿಜ. ಬಿ.ಟಿ.ಎಸ್. ಎಂದರೆ ‘ಬಿಟ್ಟರೆ ತಿರುಗಾ ಸಿಗಲ್ಲ’ ಎಂದು ಹಾಸ್ಯ ಮಾಡುತ್ತಿದ್ದ ಕಾಲದಿಂದಲೂ ನಿಜ. ಆದರೆ ಬಾವಿ ಬತ್ತಿತೆಂದು ಊರಿನ ಹಣವಂತರೆಲ್ಲ ತಮ್ಮ ತಮ್ಮ ಹಿತ್ತಿಲಲ್ಲಿ ಕೊಳವೆಬಾವಿ ಕೊರೆಯಿಸಿದರೆ ಏನಾಗುತ್ತದೆಂದು ನಮ್ಮ ಸೀಮೆಯವರನ್ನು ಕೇಳಿ. ಊರಬಾವಿಯ ಹೂಳೆತ್ತುವವರು ಆಮೇಲೆ ಯಾರೂ ಇರುವುದಿಲ್ಲ. ಓದುಬರಹ ಬಲ್ಲ, ಅಧಿಕಾರಿಗಳನ್ನು ಪ್ರಶ್ನಿಸಬಲ್ಲ ಮಧ್ಯಮ ವರ್ಗದವರು ಬಸ್ಸಿನಿಂದ ಇಳಿದುಹೋದದ್ದರಿಂದಲೇ ಬಸ್ಸಿನ ಪರವಾಗಿ ಗಟ್ಟಿಯಾಗಿ ಮಾತನಾಡುವವರು ಇಲ್ಲವಾದರು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಬಸ್ಸಿನ ಬೆನ್ನಿಗೆ ಒಲೆ; ಬೆಳಗಿನ ಜಾವ ಕ್ಲೀನರು ಗಾಳಿ ತಿರುಗಿಸಿ ಉರಿ ಎಬ್ಬಿಸಬೇಕು; ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಕಷ್ಟ ಕಷ್ಟವೇ, ಅದು ಮರಳಿ ಬರಲೆಂದು ಯಾರೂ ಹಾರೈಸುವುದಿಲ್ಲ. ಆದರೆ ಒಂದು ವಾಹನ ಮುಂದೆ ಹೋಗಬೇಕಾದರೆ ಯಾರೋ ಎಲ್ಲೋ ಬೇಯಬೇಕು ಎಂಬುದು ಆಗ ಒಳಗೆ ಕುಳಿತವರಿಗೂ ಗೊತ್ತಿತ್ತು. ಈಗಿನ ವಾಹನ ಸದ್ದಿಲ್ಲದೆ ಸಾಗುತ್ತದೆ; ಆದ್ದರಿಂದ ಬೇಯುವವರು ಯಾರೂ ಇಲ್ಲವೆಂಬ ಭ್ರಮೆ.

ನಮ್ಮ ತಾಲ್ಲೂಕಿನ ಬಂಡೆಗಳ ಮೇಲೆ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ, ಅಶೋಕನ ಶಾಸನಗಳಿವೆ. ಅದೇ ದೊರೆ ಉತ್ತರದ ಒಂದು ಸ್ತಂಭಶಾಸನದಲ್ಲಿ, ದಾರಿಯ ಬದಿಗೆ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಬರೆಯಿಸಿದ್ದಾನೆ. ರಥ ಎಷ್ಟು ವೇಗವಾಗಿ ಹೋಯಿತೆಂದು ಅಲ್ಲಿ ಬರೆಯಿಸಲಿಲ್ಲ. ದಾರಿ ಇರುವುದು ದಾರಿಹೋಕರಿಗಾಗಿ ಎಂಬ ತಿಳಿವಳಿಕೆ ಅವನಿಗಿತ್ತು.

ಆದ್ದರಿಂದ ನಾನು ಕೇಳುವುದು ಇಷ್ಟೆ. ಬಸ್ಸಿಗೆ ಒಂದು ಸಾಲು ದಾರಿ ಬಿಡಿ. ಸುರಂಗದ ಮಾತು ಆಮೇಲೆ. ವಿದ್ಯುತ್ ಬಸ್ಸಿನ ಚಾಲಕನಿಗೂ ನಿರ್ವಾಹಕನಿಗೂ ಒಂದೇ ನೌಕರಿ, ಒಂದೇ ಮರ್ಯಾದೆ ಇರಲಿ. ಚಾಲಕನ ಕೆ.ಎಂ.ಪಿ.ಎಲ್. ಬರೆಯುವ ಪುಸ್ತಕದಲ್ಲಿ ಅವನು ದಿನಕ್ಕೆ ಎಷ್ಟು ಸಲ ಯಾರಿಂದಾಗಿ ನಿಲ್ಲಬೇಕಾಯಿತು ಎಂಬುದಕ್ಕೂ ಒಂದು ಕಲಂ ಇರಲಿ. ತೆರಿಗೆಯ ರಿಯಾಯಿತಿ ಫಲಕದ ಬಣ್ಣಕ್ಕಲ್ಲ, ತುಂಬಿದ ಆಸನಗಳಿಗೆ ಸಲ್ಲಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರವನ್ನು ಕಂಡುಹಿಡಿಯಬೇಕಾಗಿಲ್ಲ. ಇಷ್ಟನ್ನು ಮಾಡಿ, ನಮ್ಮ ಗಾಳಿಯನ್ನೂ ಬಿಸಿಲನ್ನೂ ನೀವು ಧಾರಾಳವಾಗಿ ತೆಗೆದುಕೊಳ್ಳಿ. ಅದಾಗದಿದ್ದರೆ, ಮುಂದಿನ ಸಲ ಬಸ್ಸಿನ ಹಿಂದೆ ನಿಂತಾಗ ಮೂಗು ಮುಚ್ಚಿಕೊಳ್ಳುವ ಮೊದಲು ದಯವಿಟ್ಟು ಪಕ್ಕದ ಖಾಲಿ ಆಸನಗಳನ್ನೊಮ್ಮೆ ಎಣಿಸಿ.